ಬಯೋಸ್‌ಗೆ ಹೆಸರಿಟ್ಟ ಗ್ಯಾರಿ ಕಿಲ್ಡಾಲ್

ಬಯೋಸ್ ಅನ್ನೋ ಪದ ನಮಗೆಲ್ಲ ಗೊತ್ತು. ಆ ಹೆಸರಿಟ್ಟವರು ಗ್ಯಾರಿ ಕಿಲ್ಡಾಲ್. 1942ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹುಟ್ಟಿದರು. ಮಾಂಟೆರಿಯ ನೌಕಾಪಡೆ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದಾಗ, 1974ರಲ್ಲಿ, ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್ ಬರೆದರು. ಆಗ ಒಂದೊಂದು ಕಂಪ್ಯೂಟರ್‌ನ ಹಾರ್ಡ್‌ವೇರ್ ಒಂದೊಂದು ಥರ. ಮುಂದೆ ಅವರು ಹಾರ್ಡ್‌ವೇರ್ ಜೊತೆ ಮಾತಾಡುವ ಭಾಗವನ್ನಷ್ಟೇ ಬೇರೆ ಮಾಡಿ ಬಯೋಸ್ ಅಂದರು. ಹೊಸ ಮಷೀನ್ ಬಂದ್ರೆ ಅಷ್ಟನ್ನೇ ಬದಲಿಸಿದರೆ ಸಾಕು, ಉಳಿದದ್ದು ಮುಟ್ಟಬೇಕಿಲ್ಲ.

ಐಬಿಎಂ ಪಿಸಿಯ ಮುಖ್ಯ ಸಿಸ್ಟಮ್ ಆಗುವ ಅವಕಾಶ ಮೈಕ್ರೋಸಾಫ್ಟ್ ಪಾಲಾಯ್ತು. ಆದರೆ ಅದೇ ಪಿಸಿಯ ಚಿಪ್‌ನೊಳಗೆ ಕಿಲ್ಡಾಲ್ ಇಟ್ಟ ಹೆಸರು ಉಳಿಯಿತು. 1994ರಲ್ಲಿ, 52ನೇ ವಯಸ್ಸಿಗೆ, ಅವರು ತೀರಿಕೊಂಡರು.

ಇವತ್ತಿನ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್ ಜಾಗಕ್ಕೆ ಯುಇಎಫ್‌ಐ ಬಂದಿದೆ. ಭಾಗ ಬೇರೆ ಮಾಡಿ ನೋಡುವ ಬುದ್ಧಿ ಮಾತ್ರ ಈಗಲೂ ಬೇಕು. ಯಾದಗಿರಿ, ಶಹಾಪುರ, ಸುರಪುರದ ನಮ್ಮಲ್ಲಿ ಲಿನಕ್ಸ್ ಬೂಟ್ ಆಗದಿದ್ದರೆ ಮೊದಲು ಬರೋ ಸಲಹೆ ಫಾರ್ಮ್ಯಾಟ್. ಬ್ಯಾಡ್ರಿ! ಬೂಟ್‌ಲೋಡರ್ ಒಂದೇ ಹೋಗಿದ್ದರೆ ನಮ್ಮ ಪ್ರಾಜೆಕ್ಟ್ ಫೈಲ್‌ಗಳು ಡಿಸ್ಕ್‌ನಲ್ಲೇ ಇರ್ತವೆ. ಲೈವ್ ಯುಎಸ್‌ಬಿಯನ್ನು ಯುಇಎಫ್‌ಐ ಮೋಡ್‌ನಲ್ಲೇ ಬೂಟ್ ಮಾಡಿ, ರೂಟ್ ಮತ್ತು ಇಎಫ್‌ಐ ಪಾರ್ಟಿಷನ್‌ಗಳನ್ನು ಮೌಂಟ್ ಮಾಡಿ, ಸಿಎಚ್‌ರೂಟ್ ಮೂಲಕ ಒಳಗೆ ಹೋಗಿ ಗ್ರಬ್ ಅಷ್ಟನ್ನೇ ಮತ್ತೆ ಹಾಕೋಣ.