ವಜ್ರಕಾಯವನ್ನು ಮೀರಿದ ಬಯಲು: ಅಲ್ಲಮಪ್ರಭುದೇವರ ಚರಿತೆ



ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನಲ್ಲಿ ಕೃಷ್ಣಾನದಿಯ ದಡದ ಮೇಲೆ ಗೂಗಲ್ ಎಂಬ ಗ್ರಾಮವಿದೆ. ಇಂದಿನ ಯುವಕರು ಈ ಹೆಸರನ್ನು ಕೇಳಿದೊಡನೆ ಕೈಯಲ್ಲಿರುವ ಮೊಬೈಲನ್ನು ನೋಡಿ ನಗುತ್ತಾರೆ. ಆದರೆ ಊರವರ ನಂಬಿಕೆಯಂತೆ ಇದು ಗವಿಗಲ್ಲು. ಶ್ರೀಶೈಲದ ದಾರಿಯಲ್ಲಿ ಪ್ರಭುದೇವರು ಇಲ್ಲಿಯ ಕಲ್ಲುಗವಿಯಲ್ಲಿ ತಂಗಿದ್ದರೆಂದೂ, ಆ ಗವಿಗಲ್ಲೇ ಜನರ ಬಾಯಲ್ಲಿ ಗೂಗಲ್ ಆಯಿತೆಂದೂ ಹಿರಿಯರು ಹೇಳುತ್ತಾರೆ. ಗುಹೇಶ್ವರ ಎಂಬ ಅಂಕಿತದಿಂದ ವಚನ ನುಡಿದ ಶರಣರ ನೆನಪು ಗವಿಯೊಂದಿಗೆ ಬೆಸೆದುಕೊಂಡಿರುವುದು ಸಹಜವೇ ಆಗಿದೆ.

ಹನ್ನೆರಡನೆಯ ಶತಮಾನದ ಈ ಮಹಾನುಭಾವರು ಹುಟ್ಟಿದ್ದು ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ. ಚಾಮರಸನು ನಿರಹಂಕಾರ ಮತ್ತು ಸುಜ್ಞಾನಿಯರನ್ನು ಇವರ ತಂದೆತಾಯಿಗಳೆಂದು ಹೇಳಿ, ಮಾಯೆಯನ್ನು ಗೆದ್ದ ನಿರ್ಲಿಪ್ತನ ಚಿತ್ರವನ್ನು ಕೊಡುತ್ತಾನೆ. ಹರಿಹರನ ರಗಳೆಯಲ್ಲಾದರೋ ಮದ್ದಳೆ ಬಾರಿಸುವ ತರುಣನೊಬ್ಬ ಕಾಣುತ್ತಾನೆ. ಆತನು ಕಮಲತೆಯೆಂಬವಳನ್ನು ಮೆಚ್ಚಿ ಮದುವೆಯಾದನು. ಸುಖದ ದಿನಗಳು ಹೆಚ್ಚು ಉಳಿಯಲಿಲ್ಲ. ಜ್ವರಕ್ಕೆ ತುತ್ತಾಗಿ ಆಕೆ ತೀರಿಕೊಂಡಳು. ನನ್ನ ಮನಸ್ಸಿಗೆ ಹರಿಹರನ ಕಥನವೇ ಹತ್ತಿರ. ಸಾವಿನ ಮುಂದೆ ಕೈಚೆಲ್ಲಿ ಕುಳಿತು ಅತ್ತವನ ಕಥೆ ಅದು.

ದುಃಖದಿಂದ ಅಲೆಯುತ್ತಿದ್ದ ಅಲ್ಲಮನಿಗೆ ಒಂದೆಡೆ ನೆಲದಿಂದ ಮೇಲೆದ್ದಿದ್ದ ಹೊನ್ನ ಕಳಸವೊಂದು ಕಂಡಿತು. ಅಗೆಯಿಸಿ ನೋಡಲಾಗಿ ಹೂತುಹೋಗಿದ್ದ ಗುಡಿ; ಒಳಗೆ ರೆಪ್ಪೆ ಬಡಿಯದೆ ಕುಳಿತ ಅನಿಮಿಷಯೋಗಿ; ಆತನ ಅಂಗೈಯಲ್ಲಿ ಇಷ್ಟಲಿಂಗ. ಆ ಲಿಂಗವು ಅಲ್ಲಮನ ಕೈಸೇರಿದೊಡನೆ ಅನಿಮಿಷರ ಪ್ರಾಣವು ಬಯಲಾಯಿತು. ಮಡದಿಯ ಸಾವು ಕತ್ತಲೆಯಾಗಿದ್ದರೆ ಗುರುವಿನ ನಿಧನವು ಬೆಳಕಾಯಿತು. ಅಂದಿನಿಂದ ಅವರು ಒಂದೆಡೆ ನೆಲೆನಿಲ್ಲದ ಜಂಗಮರಾದರು.

ಆ ಕಾಲದಲ್ಲಿ ಶ್ರೀಶೈಲವು ಸಿದ್ಧರ ಬೀಡೆಂದು ಹೆಸರಾಗಿತ್ತು. ಪಾದರಸವನ್ನು ಕಟ್ಟಿ, ಮೂಲಿಕೆಗಳನ್ನು ಅರೆದು, ಉಸಿರನ್ನು ಬಿಗಿಹಿಡಿದು ಮುಪ್ಪನ್ನು ತಡೆಯಬಹುದೆಂಬುದು ಅವರ ಸಾಧನೆಯ ಮಾರ್ಗ. ಕೆಳಲೋಹ ಹೊನ್ನಾಗುವುದಾದರೆ ಮಾಂಸದ ದೇಹವೇಕೆ ವಜ್ರವಾಗಬಾರದು ಎಂಬುದು ಅವರ ತರ್ಕವಾಗಿತ್ತು. ನಾಥಪಂಥದ ಗೋರಕ್ಷನು ಇದರ ತುತ್ತತುದಿಯೆನಿಸಿದ್ದನು. ಅವನು ಸಾಮಾನ್ಯ ಮಾಟಗಾರನಲ್ಲ, ಕಠಿಣ ತಪಸ್ವಿ. ಅವನನ್ನು ಹಗುರವಾಗಿ ಕಾಣುವುದು ತಪ್ಪು.

ವಿಜಯನಗರದ ಪ್ರೌಢದೇವರಾಯನ ಕಾಲದ ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಈ ಇಬ್ಬರ ಭೇಟಿಯನ್ನು ವಿವರವಾಗಿ ಬಣ್ಣಿಸಿದ್ದಾನೆ. ಗೋರಕ್ಷನು ತನ್ನ ಕಾಯಸಿದ್ಧಿಯನ್ನು ಹೊಗಳಿಕೊಂಡು, ಕತ್ತಿಯಿಂದ ತನ್ನನ್ನು ಹೊಡೆಯಬಹುದೆಂದು ಪಂಥ ಕಟ್ಟಿದನು. ಪ್ರಭುಗಳು ಹೊಡೆದರು. ಬಂಡೆಗೆ ಲೋಹ ತಾಗಿದಂತೆ ಸದ್ದಾಯಿತೇ ಹೊರತು ಒಂದು ರೋಮವೂ ಕಡಿಯಲಿಲ್ಲ. ಗೋರಕ್ಷನು ಬೀಗಿದನು. ಪ್ರಭುಗಳು ಬೆರಗಾಗಲಿಲ್ಲ, ಅದೇ ಕತ್ತಿಯನ್ನು ಅವನ ಕೈಗಿತ್ತು ತಮ್ಮನ್ನು ಹೊಡೆಯಹೇಳಿದರು. ಅವನು ಬೀಸಿದನು. ಕತ್ತಿಯು ಗಾಳಿಯಲ್ಲಿ ಆಡಿದಂತೆ ಇತ್ತಿಂದತ್ತ ಹಾಯಿತು. ಸದ್ದಿಲ್ಲ, ಗಾಯವಿಲ್ಲ, ತಡೆಯೂ ಇಲ್ಲ. ಎಷ್ಟು ಬಾರಿ ಬೀಸಿದರೂ ಬಯಲೇ.

ಇಲ್ಲಿ ಭಕ್ತರು ಸ್ವಲ್ಪ ನಿಲ್ಲಬೇಕು. ಇದನ್ನು ದೊಡ್ಡ ಪವಾಡವು ಸಣ್ಣ ಪವಾಡವನ್ನು ಗೆದ್ದ ಕಥೆಯೆಂದು ಓದಿದರೆ ಪ್ರಭುಗಳನ್ನೂ ಸಿದ್ಧರ ಸಾಲಿನಲ್ಲೇ ನಿಲ್ಲಿಸಿದಂತಾಗುತ್ತದೆ. ಕತ್ತಿಗೆ ಸದ್ದು ಹುಟ್ಟಿದ್ದು ಎದುರಿಗೆ ಕಾಯವೊಂದು ಗಟ್ಟಿಯಾಗಿ ನಿಂತಿದ್ದರಿಂದ. ಸಾವನ್ನು ತಡೆಯಲು ಕಟ್ಟಿದ ಆ ಕೋಟೆಯೊಳಗೆ ಸಾವಿನ ಭಯವೇ ಕಾವಲಿಗಿತ್ತು. ನಾನು ದೇಹವೆಂಬ ಭಾವವೇ ಅಳಿದವರಲ್ಲಿ ಕಡಿಯಲು ಏನೂ ಉಳಿದಿರಲಿಲ್ಲ. ಗೋರಕ್ಷನು ಇದನ್ನರಿತು ಶರಣಾಗಿ, ಪ್ರಭುಗಳ ಅನುಗ್ರಹವನ್ನು ಪಡೆದನು.

ಈ ಪ್ರಸಂಗವನ್ನು ವಿಸ್ತರಿಸಲು ಕಾರಣವುಂಟು. ಹಿರಿಯರ ಆಯುಷ್ಯ ಹೆಚ್ಚಿಸುವ ಯಂತ್ರವನ್ನೋ ಭಸ್ಮವನ್ನೋ ಕೇಳಿಕೊಂಡು ಮಠದ ಕಚೇರಿಗೆ ಬರುವವರು ಇಂದಿಗೂ ಇದ್ದಾರೆ. ಒಬ್ಬ ಮಗನು ಅಲೆಮಾರಿ ಮಾರಾಟಗಾರನಿಂದ ರಸಭಸ್ಮವನ್ನು ಕೊಂಡು, ಹೊಲದ ಒಂದು ಭಾಗವನ್ನೇ ಒತ್ತೆಯಿಟ್ಟಿದ್ದನು. ಪಥ್ಯದ ಹೆಸರಿನಲ್ಲಿ ಮುದುಕರಿಗೆ ಕೊನೆಯ ತಿಂಗಳುಗಳಲ್ಲಿ ಮೊಮ್ಮಕ್ಕಳ ಜೊತೆ ಕುಳಿತು ಒಂದು ರೊಟ್ಟಿ ತಿನ್ನುವ ಭಾಗ್ಯವೂ ಇಲ್ಲವಾಯಿತು. ಲಿಂಗೈಕ್ಯರಾದ ಮೇಲೆ ಆ ಮಗನು ನನ್ನೆದುರು ಅತ್ತದ್ದು ಸಾವಿಗಾಗಿ ಅಲ್ಲ, ಆ ರೊಟ್ಟಿಗಾಗಿ. ಪಾದರಸವು ದೇಹಕ್ಕೆ ವಿಷವೆಂಬುದನ್ನು ಇಂದು ವೈದ್ಯರೆಲ್ಲರೂ ಬಲ್ಲರು.

ಪ್ರಭುದೇವರು ಸೊನ್ನಲಿಗೆಯ ಸಿದ್ಧರಾಮರನ್ನು ಕೆರೆಕಟ್ಟೆಗಳ ಕಾಯಕದಿಂದ ಅಂತರಂಗದ ಅರಿವಿನೆಡೆಗೆ ತಿರುಗಿಸಿದ್ದು, ಕಲ್ಯಾಣದ ಅನುಭವ ಮಂಟಪದಲ್ಲಿ ಶೂನ್ಯಪೀಠವನ್ನೇರಿದ್ದು, ಅಕ್ಕಮಹಾದೇವಿಯವರನ್ನು ಕಠಿಣ ಪ್ರಶ್ನೆಗಳಿಂದ ಒರೆಗೆ ಹಚ್ಚಿದ್ದು ಎಲ್ಲರೂ ಬಲ್ಲ ಸಂಗತಿಗಳು. ಅವರ ಸಾವಿರಕ್ಕೂ ಮಿಕ್ಕ ವಚನಗಳು ಇಂದು ನಮಗೆ ಉಳಿದಿವೆ. ಪ್ರಭುಲಿಂಗಲೀಲೆಯನ್ನು ಶಿವಪ್ರಕಾಶ ಸ್ವಾಮಿಗಳು ತಮಿಳಿಗೆ ತಂದದ್ದರಿಂದ ಈ ಚರಿತೆಯು ಕಾವೇರಿಯಾಚೆಗೂ ಹಬ್ಬಿತು.

ಕೊನೆಗೆ ಅವರು ಶ್ರೀಶೈಲದ ಕದಳಿಯಲ್ಲಿ ಬಯಲಾದರೆಂದು ಪರಂಪರೆಯು ಹೇಳುತ್ತದೆ. ದೇಹವನ್ನು ಉಳಿಸಿಕೊಳ್ಳಲು ಸಿದ್ಧರು ಹುಡುಕಿಕೊಂಡು ಹೋಗುತ್ತಿದ್ದ ಬೆಟ್ಟವೂ ಅದೇ. ಗೂಗಲ್ ಗ್ರಾಮದ ಬದಿಯಲ್ಲಿ ಹರಿಯುವ ಕೃಷ್ಣೆಯು ಅಲ್ಲಿಂದ ಮುಂದೆ ಸಾಗಿ ಆ ಬೆಟ್ಟದ ಬುಡವನ್ನೇ ಮುಟ್ಟುತ್ತಾಳೆ.