ಮಕ್ಕಳ ಆಟವನ್ನು ಅರಿತ ಅಧ್ಯಾಪಿಕೆ: ಅನ್ನಾ ಫ್ರಾಯ್ಡ್

ಶಾಲೆಯು ನೂರು ವರ್ಷಗಳ ಗುರುಪರಂಪರೆಯನ್ನು ನೆನೆಯುತ್ತಿರುವ ಈ ಸಂದರ್ಭದಲ್ಲಿ ದೂರದೇಶದ ಓರ್ವ ಅಧ್ಯಾಪಿಕೆಯ ಬಾಳನ್ನೂ ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ. ಅನ್ನಾ ಫ್ರಾಯ್ಡ್ ಅವರನ್ನು ಸಿಗ್ಮಂಡ್ ಫ್ರಾಯ್ಡರ ಮಗಳೆಂದು ಲೋಕ ಬಲ್ಲುದು. ಮಕ್ಕಳ ಮನಶ್ಚಿಕಿತ್ಸೆಗೆ ಅಡಿಗಲ್ಲಿಟ್ಟವರಲ್ಲಿ ಒಬ್ಬರಾದ ಆಕೆ ಮೊದಲು ಶಾಲೆಯೊಂದರ ಅಧ್ಯಾಪಿಕೆಯಾಗಿದ್ದರೆಂಬುದನ್ನು ಅರಿತವರು ವಿರಳ.

1895ರ ಡಿಸೆಂಬರ್ 3ರಂದು ವಿಯೆನ್ನಾ ನಗರದಲ್ಲಿ ಆರು ಮಕ್ಕಳಲ್ಲಿ ಕಿರಿಯಳಾಗಿ ಜನಿಸಿದ ಅನ್ನಾ, ತಾವು ಕಲಿತ ಶಾಲೆಯಲ್ಲಿಯೇ ಕೆಲವು ವರ್ಷ ಪಾಠ ಹೇಳಿದರು. 1920ರಲ್ಲಿ ಅಧ್ಯಾಪನವನ್ನು ಬಿಟ್ಟು ಮನೋವಿಶ್ಲೇಷಣೆಯತ್ತ ಹೊರಳಿದರೂ, ತರಗತಿಯಲ್ಲಿ ರೂಢಿಯಾದ ತಾಳ್ಮೆ ಅವರನ್ನು ಬಿಡಲಿಲ್ಲ.

ಹಿರಿಯರು ತಮ್ಮ ಸಂಕಟವನ್ನು ತಾವೇ ಹೇಳಿಕೊಂಡು ಬರುತ್ತಾರೆ. ಮಗುವನ್ನಾದರೋ ಇತರರು ಕರೆತರುತ್ತಾರೆ. ತನ್ನ ನೋವನ್ನು ಹೇಳಲು ಅದಕ್ಕೆ ಮಾತೂ ಸಾಲದು. ಆದುದರಿಂದ ಆಟವೇ ಚಿಕಿತ್ಸೆಯ ದಾರಿಯಾಯಿತು. ಮಗುವಿನ ಆಟದ ಪ್ರತಿಯೊಂದು ಚಲನೆಗೂ ಗೂಢಾರ್ಥವುಂಟೆಂದು ಸಮಕಾಲೀನರಾದ ಮೆಲನಿ ಕ್ಲೈನ್ ವಾದಿಸಿದರು. ಅನ್ನಾ ಇದನ್ನು ಒಪ್ಪಲಿಲ್ಲ. ಮಗು ಆಟದ ಬಂಡಿಯನ್ನು ಮಗುಚಿದರೆ, ಅಂದು ಬೀದಿಯಲ್ಲಿ ಕಂಡುದನ್ನೇ ಅದು ಅನುಕರಿಸುತ್ತಿರಬಹುದು. ಅರ್ಥ ಹೇಳುವ ಮುನ್ನ ಮಗುವಿನ ವಿಶ್ವಾಸವನ್ನು ಗಳಿಸಬೇಕು ಎಂಬುದು ಅವರ ನಿಲುವು. ಚಿಕಿತ್ಸೆಗೆ ಬಂದ ಬಾಲಕಿಯೊಬ್ಬಳ ಬೊಂಬೆಗಳಿಗೆಲ್ಲ ಅವರು ಕುಳಿತಲ್ಲಿಯೇ ಉಡುಪು ಹೆಣೆದುಕೊಟ್ಟರು.

1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡಾಗ ಗೆಸ್ಟಪೊ ಪೊಲೀಸರು ಅನ್ನಾರನ್ನು ಕರೆದೊಯ್ದು ವಿಚಾರಿಸಿದರು. ಅದೇ ಜೂನ್ ತಿಂಗಳಲ್ಲಿ ಆಕೆ ವೃದ್ಧ ತಂದೆಯೊಡನೆ ದೇಶ ತೊರೆದು ಲಂಡನ್ನಿಗೆ ಬಂದರು. ಮರುವರ್ಷ ತಂದೆಯೂ ತೀರಿಕೊಂಡರು. ಆ ದುಃಖದ ನಡುವೆಯೇ ಗೆಳತಿ ಡೊರೊತಿ ಬರ್ಲಿಂಗ್‌ಹ್ಯಾಮ್ ಅವರೊಡಗೂಡಿ, ಯುದ್ಧದಿಂದ ಮನೆಮಠ ಕಳೆದುಕೊಂಡ ಮಕ್ಕಳಿಗಾಗಿ ಹ್ಯಾಂಪ್‌ಸ್ಟೆಡ್‌ನಲ್ಲಿ ಶಿಶುನಿಲಯಗಳನ್ನು ತೆರೆದರು.

ಅಲ್ಲಿ ನಾಲ್ಕು ವರ್ಷದ ಬಾಲಕನೊಬ್ಬನಿದ್ದ. ಅವನ ತಂದೆ ವಿಮಾನದಾಳಿಗೆ ಬಲಿಯಾಗಿದ್ದರು. ಅವನು ಕಾಗದದ ಮನೆಗಳನ್ನು ಕಟ್ಟಿ ಅವುಗಳ ಮೇಲೆ ಬಾಂಬು ಸುರಿಸುವ ಆಟವನ್ನು ಮತ್ತೆ ಮತ್ತೆ ಆಡುತ್ತಿದ್ದ. ಇತರ ಮಕ್ಕಳ ಆಟದಲ್ಲಿ ಮನೆಗಳು ಉರುಳಿದರೆ, ಇವನ ಆಟದಲ್ಲಿ ಪ್ರತಿಸಲವೂ ಎಲ್ಲರೂ ಪಾರಾಗುತ್ತಿದ್ದರು. ತಂದೆಯ ಸಾವನ್ನು ಅವನ ಮನಸ್ಸು ಒಪ್ಪಿರಲಿಲ್ಲ. ಆಟ ಮುಗಿಯದುದಕ್ಕೆ ಅದೇ ಕಾರಣ. ತಿಂಗಳುಗಳು ಕಳೆದ ಮೇಲೆ, ತಂದೆ ಇನ್ನು ಬರಲಾರರೆಂದು ಅವನು ಬಾಯಿಬಿಟ್ಟು ಹೇಳಿದ.

ತಾಯಿಯ ಬಳಿಯಿದ್ದ ಮಕ್ಕಳು ಬಾಂಬಿನ ಸದ್ದನ್ನು ಬಹುಮಟ್ಟಿಗೆ ತಾಳಿಕೊಂಡರು. ಅಗಲಿಕೆಯೇ ಅವರನ್ನು ಹೆಚ್ಚು ಘಾಸಿಗೊಳಿಸಿತೆಂದು ಅನ್ನಾ ಕಂಡುಕೊಂಡರು. ಆದುದರಿಂದ ನಿಲಯದ ಮಕ್ಕಳನ್ನು ಸಣ್ಣ ಕುಟುಂಬಗಳಂತೆ ವಿಂಗಡಿಸಿ, ಪ್ರತಿಯೊಂದಕ್ಕೂ ತಾಯಿಯಂತಹ ಓರ್ವ ದಾದಿಯನ್ನು ನೇಮಿಸಿದರು. ಮೊದಮೊದಲು ಅಳು, ಅಸೂಯೆ ಹೆಚ್ಚಿದವು. ಬಳಿಕ ಮಕ್ಕಳ ಮಾತೂ ನಡವಳಿಕೆಯೂ ಬೇಗಬೇಗನೆ ಬೆಳೆದವು. ತಮ್ಮವರೆನ್ನುವವರೊಬ್ಬರು ದೊರೆತುದೇ ಅದಕ್ಕೆ ಕಾರಣವಾಗಿತ್ತು.

ಯುದ್ಧಾನಂತರ, 1947ರಲ್ಲಿ, ಮಕ್ಕಳ ಚಿಕಿತ್ಸಕರಿಗೆ ತರಬೇತಿಯನ್ನು ಆರಂಭಿಸಿದರು. 1952ರಲ್ಲಿ ಚಿಕಿತ್ಸಾಲಯವೂ ತೆರೆಯಿತು. 1982ರ ಅಕ್ಟೋಬರ್ 9ರಂದು ಲಂಡನ್ನಿನಲ್ಲಿ ನಿಧನರಾದರು. ಅವರ ಸಂಸ್ಥೆಗೆ ಬಳಿಕ ಅವರದೇ ಹೆಸರನ್ನಿಡಲಾಯಿತು.

ಮನೆಯಂಗಳದಲ್ಲಾಗಲಿ ಶಾಲೆಯ ಜಗಲಿಯಲ್ಲಾಗಲಿ ಮಗುವೊಂದು ಒಂದೇ ಆಟವನ್ನು ಬಿಡದೆ ಆಡುತ್ತಿದ್ದರೆ, ಗದರಿ ಎಬ್ಬಿಸುವ ಮುನ್ನ ಹೆತ್ತವರೂ ಅಧ್ಯಾಪಕರೂ ಒಂದಿಷ್ಟು ಹೊತ್ತು ಅದರ ಪಕ್ಕದಲ್ಲಿ ಕುಳಿತು ನೋಡಲೆಂದು ನಾವು ಬಯಸುತ್ತೇವೆ.