ಸರ್ ಎಂ. ವಿಶ್ವೇಶ್ವರಯ್ಯ ಮತ್ತು ಮೋಟಾರು ಉದ್ಯಮ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಇಂಜಿನಿಯರರಾಗಿ, ಮೈಸೂರು ಸಂಸ್ಥಾನದ ದಿವಾನರಾಗಿ ಪ್ರಸಿದ್ಧರಾದವರು. ಭಾರತದಲ್ಲಿಯೇ ಮೋಟಾರು ಕಾರು ಮತ್ತು ಲಾರಿಗಳನ್ನು ತಯಾರಿಸಬೇಕೆಂದು ಮೊದಲಿಗೆ ವಿವರವಾದ ಯೋಜನೆ ರೂಪಿಸಿದವರಲ್ಲಿ ಅವರೂ ಒಬ್ಬರು. ಕನ್ನಂಬಾಡಿ ಕಟ್ಟೆಯ ಕೀರ್ತಿಯ ಮುಂದೆ ಈ ಪ್ರಯತ್ನ ಮರೆಯಾಗಿದೆ.

ಜೀವನ

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯವರು. ಅವರು ಹುಟ್ಟಿದ ವರ್ಷವನ್ನು 1860 ಎಂದೂ 1861 ಎಂದೂ ಬರೆಯುವ ರೂಢಿಯಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, 1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾಗಿ ಬಂದು, 1912ರಿಂದ 1918ರವರೆಗೆ ದಿವಾನರಾಗಿದ್ದರು.

ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡುವ ಎಡೆಯ ಕೆಳಗೆ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಜಲಾಶಯದ ಹಿನ್ನೀರು ಕೃಷ್ಣರಾಜಪೇಟೆ ಸೀಮೆಯವರೆಗೂ ಹರಡಿತು; ಹಳೆಯ ಕನ್ನಂಬಾಡಿ ಊರು ನೀರಿನಡಿ ಸೇರಿತು. ಬಲವಾದ ನಾಲೆಗಳ ಜಾಲದಿಂದ ಪಾಂಡವಪುರ, ಮಂಡ್ಯ, ಮದ್ದೂರು ಕಡೆಯ ಮಳೆಯನ್ನೇ ನಂಬಿದ್ದ ಹೊಲಗಳು ಕಬ್ಬು-ಭತ್ತದ ಗದ್ದೆಗಳಾದವು. ಮುಖ್ಯ ನಾಲೆಗೆ ಈಗ ಅವರದೇ ಹೆಸರಿದೆ.

ಆದರೆ ನೀರಾವರಿಯೊಂದರಿಂದಲೇ ನಾಡು ಏಳಿಗೆ ಹೊಂದದೆಂಬುದು ಅವರ ಗಟ್ಟಿ ನಂಬಿಕೆಯಾಗಿತ್ತು. ಮೈಸೂರು ಬ್ಯಾಂಕು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮೊದಲಾದವುಗಳ ಹಿಂದೆ ಇದೇ ಆಲೋಚನೆಯಿತ್ತು.

ಮೋಟಾರು ಕಾರ್ಖಾನೆಯ ಪ್ರಯತ್ನ

ಆ ಕಾಲದಲ್ಲಿ ಭಾರತದ ರಸ್ತೆಗಳಲ್ಲಿ ಓಡುತ್ತಿದ್ದ ಲಾರಿಗಳಲ್ಲಿ ಬಹುಪಾಲು ಅಮೆರಿಕದ ಕಂಪನಿಗಳವು. ಜನರಲ್ ಮೋಟಾರ್ಸ್ 1928ರಲ್ಲಿ ಬೊಂಬಾಯಿಯಲ್ಲಿ ಷೆವರ್ಲೆ ವಾಹನಗಳ ಜೋಡಣೆ ಆರಂಭಿಸಿತ್ತು. ಫೋರ್ಡ್ ಕಂಪನಿಯೂ ಭಾರತದಲ್ಲಿ ನೆಲೆಯೂರಿತ್ತು. ಬಿಡಿಭಾಗಗಳು ಹಡಗಿನಲ್ಲಿ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ಇದನ್ನು ಕೈಗಾರಿಕೆಯೆಂದು ಕರೆಯಲು ವಿಶ್ವೇಶ್ವರಯ್ಯನವರು ಸಿದ್ಧರಿರಲಿಲ್ಲ. ಎಂಜಿನ್ನು ಇಲ್ಲಿಯೇ ಎರಕವಾಗಬೇಕು, ಕೆಲಸಗಾರರು ಇಲ್ಲಿಯೇ ತರಬೇತಾಗಬೇಕು ಎಂಬುದು ಅವರ ಗುರಿ.

ಎಪ್ಪತ್ತು ದಾಟಿದ ಮೇಲೆ, 1935ರಲ್ಲಿ ಅವರು ಈ ಅಧ್ಯಯನಕ್ಕಾಗಿಯೇ ಯೂರೋಪು ಮತ್ತು ಅಮೆರಿಕಗಳಿಗೆ ಹೋಗಿ ಡೆಟ್ರಾಯಿಟ್ ಸೀಮೆಯ ಕಾರ್ಖಾನೆಗಳನ್ನು ಕಂಡರು. ಹಿಂತಿರುಗಿ ಸಿದ್ಧಪಡಿಸಿದ ಯೋಜನೆಗೆ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. 1937ರಲ್ಲಿ ಬಂದ ಬೊಂಬಾಯಿಯ ಕಾಂಗ್ರೆಸ್ ಸರ್ಕಾರವು ಒಲವು ತೋರಿತಾದರೂ 1939ರಲ್ಲಿ ಅದು ರಾಜೀನಾಮೆ ನೀಡಿತು. ಭಾರತದ ಮಾರುಕಟ್ಟೆಯ ಹಕ್ಕು ಫೋರ್ಡ್‌ನ ಕೆನಡಾ ಶಾಖೆಯ ಕೈಯಲ್ಲಿದ್ದುದರಿಂದ ಫೋರ್ಡ್ ಜೊತೆಗಿನ ಮಾತು ಫಲಿಸಲಿಲ್ಲ. ಕೊನೆಗೆ ಕ್ರೈಸ್ಲರ್ ಕಂಪನಿ ಒಪ್ಪಿತು.

ಕಾರ್ಖಾನೆಯನ್ನು ಬೆಂಗಳೂರಿಗೆ ತರುವ ಆಲೋಚನೆಯೂ ಬಂದಿತು. ದಿವಾನ ಸರ್ ಮಿರ್ಜಾ ಇಸ್ಮಾಯಿಲ್‌ರ ಮೈಸೂರು ಸರ್ಕಾರ ಬೆಂಬಲಕ್ಕೆ ಮುಂದಾಯಿತು. ಭಾರತದ ಬ್ರಿಟಿಷ್ ಸರ್ಕಾರ ಒಪ್ಪಿಗೆ ನೀಡಲಿಲ್ಲ. ಸಂಸ್ಥಾನವು ಅದನ್ನು ಮೀರಿ ನಡೆಯುವಂತಿರಲಿಲ್ಲ. ವಿಪರ್ಯಾಸವೆಂದರೆ, ಅದೇ ಯುದ್ಧಕಾಲದಲ್ಲಿ ಭಾರತೀಯ ಸೇನೆಯು ಕೆನಡಾದ ಫೋರ್ಡ್, ಷೆವರ್ಲೆ ಲಾರಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಬಳಸುತ್ತಿತ್ತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಬೆಂಗಳೂರಿನಲ್ಲಿ ಸ್ಥಾಪಿಸಿದ್ದು ವಿಮಾನ ಕಾರ್ಖಾನೆಯನ್ನು.

ನಂತರದ ವರ್ಷಗಳು

ವಾಲ್‌ಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆರಂಭಿಸಿದರು. ಬೊಂಬಾಯಿಯ ಕುರ್ಲಾದ ಅದರ ಕಾರ್ಖಾನೆಯಿಂದ ಕ್ರೈಸ್ಲರ್‌ನ ಡಾಡ್ಜ್, ಫಾರ್ಗೋ ಲಾರಿಗಳೂ ಪ್ಲಿಮತ್ ಕಾರುಗಳೂ ಹೊರಬಂದವು. ಮೊದಮೊದಲು ಅಲ್ಲಿ ನಡೆದದ್ದೂ ಜೋಡಣೆಯೇ. ಬಿಡಿಭಾಗಗಳ ತಯಾರಿಕೆ ಮೆಲ್ಲಮೆಲ್ಲಗೆ ಬಂದಿತು. ವಿಶ್ವೇಶ್ವರಯ್ಯನವರು 1951ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಆತ್ಮಕಥೆಯಲ್ಲಿ ಈ ಪ್ರಯತ್ನವನ್ನು ದಾಖಲಿಸಿದ್ದಾರೆ. 1955ರಲ್ಲಿ ಭಾರತರತ್ನ ಪ್ರಶಸ್ತಿ ಪಡೆದ ಅವರು 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ.